ಸುರುಳಿಯ ಸವೆತ

9.11.2024, ಶನಿವಾರ. ಪಟ್ಟಂ.

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದು ನಾನು ನೋಡಿದ್ದಾದರೂ ಏನನ್ನೋ, ದೇವರಿಗೇ ಗೊತ್ತು.

ಹೆಂಡತಿ ತುಂಗಾಳ ಪಿಟೀಲನ್ನು ಬಿರುಕು ಸರಿಮಾಡಲು ಕೊಟ್ಟಿದ್ದೆನಲ್ಲ, ಇವತ್ತು ಎಡಪ್ಪಳ್ಳಿಗೆ ಹೋಗಿ ತಂದೆ. ಕೊಡುವಾಗ ಅವಳಿಗೆ ಹೇಳದೆ, “ತುದಿಯ ಸುರುಳಿಯಲ್ಲಿ ಬಣ್ಣ ಹೋಗಿದೆ, ಅದಕ್ಕೂ ಪಾಲಿಶ್ ಹಾಕಿ” ಎಂದು ದೊಡ್ಡ ಜಾಣನ ಹಾಗೆ ಹೇಳಿ ಬಂದಿದ್ದೆ. ರಿಪೇರಿಯ ಅಗಸ್ಟಿನ್ ಚೇಟ್ಟ ಬಿರುಕನ್ನಷ್ಟೇ ಮುಚ್ಚಿದ್ದರು. ಸುರುಳಿಯನ್ನು ಮುಟ್ಟಿರಲಿಲ್ಲ. ನಮಗೆ ಅವರು ಚೇಟ್ಟ, ಅಣ್ಣ; ಅವರಿಗೆ ತುಂಗಾ ಚೇಚಿ, ಅಕ್ಕ.

“ಚೇಚಿ ನೆಲದಲ್ಲಿ ಕೂತು ನುಡಿಸುದಲ್ವಾ ಸಾರ್? ಇದು ಅವರ ಬಲಪಾದದ ಮೇಲೆ ಕೂತು ಕೂತು ಸವೆದದ್ದು. ಪಾಲಿಶ್ ಹಾಕಿದ್ರೆ ಜಾರ್ತದೆ. ಅವರನ್ನು ಕೇಳದೆ ನಾನು ಮುಟ್ಟುದಿಲ್ಲ.”

ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ತಂಪಾನೂರು ಸ್ಟೇಷನ್ನಿಗೆ ಬಂದೆ. ಮನೆ ತಲುಪಿದ್ದೇ ತಡ, ತುಂಗಾ ಚಾಪೆ ಹಾಸಿ ಕೂತಳು. ಶ್ರುತಿ ಮಾಡಿಕೊಂಡು ಕಮಾನು ಎಳೆದಳು. ನಾನು ಸ್ವರ ಕೇಳಲಿಲ್ಲ, ಅವಳ ಬಲಪಾದ ನೋಡಿದೆ. ಸುರುಳಿ ಕೂತಲ್ಲೇ ಆ ಜಡ್ಡುಗಟ್ಟಿದ ಕಪ್ಪು ಕಲೆ. ಚಪ್ಪಲಿ ಉಜ್ಜಿ ಆದದ್ದೆಂದು ನಾನೇ ನಿರ್ಧರಿಸಿ, ಮೂರು ಜೊತೆ ಚಪ್ಪಲಿ ಬದಲಿಸಿ ಕೊಟ್ಟ, ವರ್ಷಗಟ್ಟಲೆ ಮುಲಾಮು ತಂದುಕೊಟ್ಟ ಕಲೆ. ಆ ಮೆತ್ತನೆಯ ಪಾದ ಗಟ್ಟಿಯಾಗಲು ಎಷ್ಟು ಬೆಳಗುಗಳು ಹಿಡಿದವೋ.

“ಎಂತ ಹಾಗೆ ನೋಡುದು?” ಎಂದಳು.

“ನಾನು ತಂದ ಮುಲಾಮು ಹಚ್ತಾ ಇದ್ದೀಯಾ?”

“ದಿನಾ ಹಚ್ತೇನಲ್ಲ,” ಎಂದಳು ಕಮಾನು ನಿಲ್ಲಿಸದೆ. “ಎಡಗಾಲಿಗೆ.”