ಖಾಲಿ ಮನೆಯ ಬಾಗಿಲು ತಟ್ಟಿದ್ದು

ತಂಗೀ,

ಇದನ್ನು ಯಾವ ವಿಳಾಸಕ್ಕೂ ಹಾಕುವ ಹಾಗಿಲ್ಲ. ಆದರೂ ಬರೆಯುತ್ತಿದ್ದೇನೆ.

ನೀನಿದ್ದ ಮಹಡಿ ಮನೆ ನೋಡಲು ಇವತ್ತು ಬಾಡಿಗೆಯವರು ಬಂದಿದ್ದರು. ಬಟ್ಟೆ ಹೊಲಿಯುವ ಹೆಂಗಸು, ಜೊತೆಗೆ ಅವಳ ಗಂಡ. ಕೈಯಲ್ಲಿ ಕೀ ಹಿಡಿದುಕೊಂಡೇ ನಾನು ಬಾಗಿಲು ತಟ್ಟಿ ನಿಂತೆ.

"ಖಾಲಿ ಮನೇಲಿ ಯಾರು ಬಂದು ತೆಗೀತಾರೆ ಯಜಮಾನ್ರೇ?" ಎಂದು ಗಂಡ ನಕ್ಕ.

"ಬಾಯಿ ಮುಚ್ಕೊಂಡು ಒಳಗೆ ಬಾರಯ್ಯ" ಎಂದು ಗದರಿದೆ.

ನೀನಿದ್ದ ಒಂಬತ್ತು ವರ್ಷದಲ್ಲಿ ನಾನು ಒಂದು ದಿನವೂ ತಟ್ಟಿದವನಲ್ಲ. ನನ್ನ ಹತ್ತಿರ ಇನ್ನೊಂದು ಕೀ ಇತ್ತು. ನಲ್ಲಿ ನೋಡಬೇಕು, ಗೋಡೆ ನೋಡಬೇಕು ಎಂದು ಸೀದಾ ನುಗ್ಗುತ್ತಿದ್ದೆ. "ಮನೆ ನಿಂದೇ ಇರಬಹುದು ಅಣ್ಣಾ, ಒಳಗಿರೋಳು ನಾನು. ಒಂದ್ಸಲ ತಟ್ಟಿ ಬಾ" ಎಂದು ನೀನು ಹೇಳಿದ ದಿನವೇ ಮನೆ ಖಾಲಿ ಮಾಡು ಎಂದೆ. ನೀನು ಗಂಟುಮೂಟೆ ಕಟ್ಟಿಕೊಂಡು ಹೋದೆ. ನೀನು ತೀರಿಕೊಂಡ ಸುದ್ದಿಯನ್ನು ಬೇರೊಬ್ಬ ಮನೆ ಮಾಲೀಕನ ಬಾಯಿಂದ ಕೇಳಬೇಕಾಯಿತು.

ಮನೆ ಅವರಿಗೆ ಹಿಡಿಸಿತು. ಎರಡು ಕೀಗಳನ್ನೂ ಆ ಹೆಂಗಸಿನ ಕೈಗೆ ಹಾಕಿದೆ.

"ಮುಂಚೆ ಇದ್ದೋರು ಯಾಕೆ ಬಿಟ್ರು?" ಎಂದು ಕೇಳಿದಳು.

"ಮಾಲೀಕ ಸರಿ ಇರಲಿಲ್ಲಮ್ಮ."

"ಈಗ ಮಾಲೀಕರು ಯಾರು?"

"ಅವನೇ" ಎಂದೆ.