ಕಾರಿನಲ್ಲಿ ಕೂತು ಬರೆದ ಕಾರ್ಡು

ಫೆಬ್ರವರಿ 6, 1979. ಮಂಗಳವಾರ.

ಗಣಿ ಊರು ಬ್ಯೂಟ್‌ನ ಪೂರ್ವದ ಬೀದಿಗಳು. ಒಂಬತ್ತು ಕಟ್ಟಡ, ಒಳಗೆ ಹೋಗಿ ನೋಡಿ ಬರೆಯಬೇಕಾದ ಒಂಬತ್ತು ಕಾರ್ಡು. ಉಳಿಸಬೇಕಾದ ಹಳೆಯ ಕಟ್ಟಡಗಳ ಪಟ್ಟಿ ತಿಂಗಳ ಕೊನೆಗೆ ಮುಗಿಯಬೇಕು. ಚಳಿ ಮೈನಸ್ ಇಪ್ಪತ್ತು. ಕ್ಯಾಮೆರಾ ಚಳಿಗೆ ಕಚ್ಚಿಕೊಂಡು ನಿಂತುಹೋಯಿತು. ಕೊನೆಯದು ರಂತಾಲಾ ಬೋರ್ಡಿಂಗ್ ಹೌಸ್. ಒಂದು ಕಾಲಕ್ಕೆ ಫಿನ್ಲೆಂಡಿನಿಂದ ಬಂದ ಗಣಿ ಕೆಲಸಗಾರರು ಇದ್ದ ಮನೆ. ಮುಂಭಾಗಕ್ಕೆಲ್ಲ ತಗಡು ಹೊಡೆದಿದ್ದಾರೆ. ಇಳಿಯಲಿಲ್ಲ. ಹೀಟರಿಗೆ ಕೈ ಒಡ್ಡಿ, ಕಾರಿನಲ್ಲೇ ಕೂತು ಬರೆದೆ — "ಒಳಭಾಗ ಪೂರ್ತಿ ಬದಲಾಗಿದೆ. ಉಳಿಸುವಂಥದ್ದೇನಿಲ್ಲ. ವಿಲ್ಬರ್ ಪೆನ್‌ರೋಸ್."

ಮನೆಗೆ ಬಂದು ಮಾಂಸ ತುಂಬಿದ ಬಿಸಿ ಪಾಸ್ಟಿ ಕಡುಬು ತಿಂದೆ. ಕಾಲ್ಬೆರಳು ಇನ್ನೂ ಜೋಮು.

ಏಪ್ರಿಲ್ 19. ಗುರುವಾರ.

ರಂತಾಲಾ ಮನೆ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಆಧಾರ — ನನ್ನ ಕಾರ್ಡು.

ಹಿಲ್ಮಾ ರಂತಾಲಾ ಆಫೀಸಿಗೇ ಬಂದರು. ಎಂಬತ್ತೊಂದು ವರ್ಷ. ಮನೆ ಮೊದಲು ಅವರದೇ, ಮಾರಿ ಎಷ್ಟೋ ಕಾಲವಾಯಿತು, ಈಗ ಅಲ್ಲೇ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಾರೆ. ಬೈಯುತ್ತಾರೆ ಎಂದುಕೊಂಡೆ. ಬಟ್ಟೆಯಲ್ಲಿ ಸುತ್ತಿದ ಏಲಕ್ಕಿ ಬ್ರೆಡ್ಡು ಮೇಜಿನ ಮೇಲಿಟ್ಟರು.

"ಆ ಚಳೀಲಿ ಬಂದು ನೋಡಿದ್ರಲ್ಲ, ಅದೇ ದೊಡ್ಡದಪ್ಪ. ನಾನು ಆವತ್ತು ತಂಗಿ ಮನೇಲಿದ್ದೆ. ಬಾಗಿಲು ಯಾರು ತೆಗೆದ್ರು?"

"ಯಾರೋ... ನೆನಪಿಲ್ಲ."

"ಮಹಡಿ ಮೇಲಿನ ಹಾಲ್ ನೋಡಿದ್ರಾ?"

"ನೋಡಿದೆ."

"ನೋಡಿಯೂ ಏನಿಲ್ಲ ಅನ್ನಿಸ್ತಾ?" ದನಿಯಲ್ಲಿ ಕೋಪವಿರಲಿಲ್ಲ. "ಇರಬಹುದು. ನೀವು ತಿಳಿದೋರು. ನಮಗೆ ಮಾತ್ರ ಅದು ದೊಡ್ಡದಾಗಿ ಕಾಣ್ತಿತ್ತೇನೋ."

ಬ್ರೆಡ್ಡು ಡ್ರಾಯರಿನಲ್ಲಿದೆ. ಬಟ್ಟೆ ಬಿಚ್ಚಿಲ್ಲ.

ಏಪ್ರಿಲ್ 20. ಮಧ್ಯಾಹ್ನ 3.

ರಂತಾಲಾ ಮನೆಗೆ ಹೋದೆ. ಇನ್ನೊಂದು ಫೋಟೋ ಬೇಕು ಎಂದು ಹಿಲ್ಮಾಗೆ ನೆಪ ಹೇಳಿದೆ.

ಮಹಡಿ ತುಂಬ ಕುಣಿತಕ್ಕೆಂದೇ ಹಾಸಿದ ಮರದ ನೆಲ. ಪುಟ್ಟ ರಂಗ. ಪರದೆಯ ಮೇಲೆ ಸರೋವರ, ಬರ್ಚ್ ಮರಗಳು — ಗಣಿಯಿಂದ ಬಂದವರು ಊಟ ಮುಗಿಸಿ ಬಿಡಿಸಿದ್ದಂತೆ. ಪರದೆಯ ಹಿಂದಿನ ಗೋಡೆಯಲ್ಲಿ ಹೆಸರುಗಳು. ಪೆನ್ಸಿಲಿನಲ್ಲಿ, ಬೇರೆಬೇರೆ ಕೈಬರಹ. ಗಣಿಯಲ್ಲಿ ಸತ್ತವರು. ಅರವತ್ತಮೂರು.

"ಇದು ನಮ್ಮೆಜಮಾನ್ರು," ಹಿಲ್ಮಾ ಒಂದು ಹೆಸರು ತೋರಿಸಿದರು. "ಬರೆದಿದ್ದು ನಾನೇ. ಅದಕ್ಕೆ ಸೊಟ್ಟ."

ಫೋಟೋ ತೆಗೆಯುತ್ತಲೇ ಇದ್ದೆ. ಮುಖಕ್ಕೆ ಕ್ಯಾಮೆರಾ ಅಡ್ಡ ಇದ್ದದ್ದು ಒಳ್ಳೆಯದಾಯಿತು.

ಏಪ್ರಿಲ್ 23. ಸೋಮವಾರ.

ಆಫೀಸಿನ ಮುಖ್ಯಸ್ಥೆ ಮಿಲ್ಕಾಗೆ ರಂತಾಲಾ ಕಾರ್ಡಿನ ನಿಜ ಹೇಳಿದೆ. ಎದ್ದು ಹೋಗಿ ಬಾಗಿಲು ಹಾಕಿದಳು.

"ಗುರುವಾರ ಆ ಮನೆ ಕೆಡವೋ ವಿಚಾರಣೇಲಿ ಇದನ್ನ ಹೇಳ್ತೀಯಾ? ತಲೆ ಸರಿ ಇದ್ಯಾ ನಿಂಗೆ? ಒಂದು ಕಾರ್ಡು ಸುಳ್ಳು ಅಂದ್ರೆ ಮುನ್ನೂರ ನಲವತ್ತು ಕಾರ್ಡೂ ಸುಳ್ಳು ಅಂತಾರೆ. ಗಣಿ ಅಗೆದು ಅಗೆದು ಅರ್ಧ ಊರು ಆಗ್ಲೇ ಹೊಂಡವಾಗಿದೆ. ಮಿಕ್ಕಿದ್ದನ್ನ ನೀನು ಕೆಡವ್ತೀಯಾ?"

ಅವಳ ಮಾತಿನಲ್ಲಿ ತಪ್ಪಿಲ್ಲ. ಕಷ್ಟ ಇರುವುದೇ ಅಲ್ಲಿ.

"ಕಾರಿಂದ ಇಳಿಯೋಕೆ ಏನಾಗಿತ್ತೋ?"

"ಚಳಿ."

ಅವಳು ನಗಲಿಲ್ಲ.

ಏಪ್ರಿಲ್ 26. ಸಂಜೆ.

ಹೇಳಿಬಿಟ್ಟೆ. ಎದ್ದು ನಿಂತು, ಮೈಕಿನಲ್ಲಿ. ಕಾರು, ಹೀಟರು, ಒಂದನ್ನೂ ಬಿಡಲಿಲ್ಲ. ಗೋಡೆಯ ಫೋಟೋಗಳು ಕೈಯಿಂದ ಕೈಗೆ ಹೋದವು.

ಜಾಗ ಕೊಂಡವರ ವಕೀಲ ಎದ್ದ. "ಇನ್ನೆಷ್ಟು ಮನೇನ ಹೀಗೆ ಕಾರಲ್ಲಿ ಕೂತು ನೋಡಿದ್ರಿ, ಪೆನ್‌ರೋಸ್ ಅವ್ರೇ?"

ಮಿಲ್ಕಾ ನನ್ನನ್ನೇ ನೋಡುತ್ತಿದ್ದಳು.

"ಇದೊಂದೇ," ಎಂದೆ.

ನಂಬಿದರು. ತಪ್ಪು ಒಪ್ಪಿಕೊಂಡವನು ಮತ್ತೆ ಸುಳ್ಳು ಹೇಳುತ್ತಾನೆಂದು ಯಾರೂ ಎಣಿಸುವುದಿಲ್ಲ. ಮನೆ ಪಟ್ಟಿಗೆ ಸೇರಿತು. ಕೆಡವುವುದಕ್ಕೆ ತಡೆ.

ಹೊರಗೆ ಹಿಲ್ಮಾ ತೋಳು ಹಿಡಿದರು. "ನೀವು ಒಳಗೆ ಬಂದಿಲ್ಲ ಅಂತ ನಂಗೆ ಗೊತ್ತಿತ್ತು. ಇಡೀ ಮನೇಲಿ ಇರೋದು ನಾನೊಬ್ಳೇ, ಬೀಗ ಹಾಕ್ಕೊಂಡು ಹೋಗಿದ್ದೆ. ಇದ್ದಿದ್ದು ಒಂದೇ ಕೀಲಿ."

"ಮತ್ತೆ ಆವತ್ತು ಯಾಕೆ ಕೇಳ್ಲಿಲ್ಲ?"

"ಕೇಳಿದೆನಲ್ಲಪ್ಪ."

ಇದೊಂದೇ ಅಲ್ಲ. ಇನ್ನೂ ಹದಿನಾಲ್ಕು ಇವೆ. ಇಲ್ಲಾದರೂ ಬರೆದಿಡುತ್ತೇನೆ.

ಮೇ 13. ಭಾನುವಾರ.

ಎರಡು ವಾರ ಏನೂ ಮಾಡಲಿಲ್ಲ. ಇವತ್ತು ಹದಿನಾಲ್ಕು ವಿಳಾಸ ಚೀಟಿಯಲ್ಲಿ ಬರೆದುಕೊಂಡು ಹೊರಟೆ. ಮಿಲ್ಕಾಗೂ ಹೇಳಿಲ್ಲ.

ಮೊದಲನೆಯದು ಎರಡಂತಸ್ತಿನ ಇಟ್ಟಿಗೆ ಮನೆ. ಕಾರು ನಿಲ್ಲಿಸಿ ಇಳಿದೆ. ಮನೆಯಿಲ್ಲ. ಸಮತಟ್ಟು ಮಣ್ಣು, ಇಟ್ಟಿಗೆ ಚೂರು. ಬೀದಿಯಿಂದ ಹೊಸ್ತಿಲಿಗೆ ಹತ್ತುವ ಮೂರು ಮೆಟ್ಟಿಲು ಮಾತ್ರ ಹಾಗೇ ಇವೆ.

ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದವಳು ಬೇಲಿ ಹತ್ತಿರ ಬಂದಳು. "ಯಾರು ಬೇಕಿತ್ತು? ಅವ್ರು ಖಾಲಿ ಮಾಡಿ ತಿಂಗಳಾಯ್ತು. ಯಾರೋ ಬಂದು ನೋಡ್ಕೊಂಡು ಹೋಗಿ ಉಳಿಸೋದು ಬೇಡ ಅಂದ್ರಂತೆ. ಆ ಮನೇಲಿ ಏನಿತ್ತು ಗೊತ್ತಾ ನಿಮಗೆ?"

"ಗೊತ್ತಿಲ್ಲ," ಎಂದೆ. "ಹೇಳಿ."

ಒಂದು ಗಂಟೆ ಹೇಳಿದಳು. ಒಂದು ಮಾತೂ ಬಿಡದೆ ಬರೆಯಬೇಕು. ಬಾಗಿಲಿನಿಂದ ಶುರುಮಾಡುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ, ಎಡಕ್ಕೆ —