ಲೆಕ್ಕದ ಮೇಷ್ಟ್ರ ಎರಡು ಮಾತ್ರೆ

ಮೂರನೇ ಮಹಡಿಯ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟ ನೋವು ಇಳಿಯಿತೇ? ನೀನು ಕೆಲಸಕ್ಕಿರುವ ಆ ಮನೆಯ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ ಅಂತ ಎಷ್ಟು ಸಲ ಬರೆಯಲಿ? ಅವರ ಮಗ ಮನೆಯಲ್ಲೇ ಇರುತ್ತಾನಲ್ಲ, ಒಂದು ಕೈ ಹಾಕಲಿ, ಅವನ ತಾಯಿ ತಾನೆ. ನೀನು ಇದನ್ನು ಅವನಿಗೆ ಹೇಳುವುದಿಲ್ಲ, ನಕ್ಕು ಸುಮ್ಮನಾಗುತ್ತೀಯ. ಇನ್ನೊಬ್ಬರ ತಾಯಿಗೆ ತುತ್ತು ತಿನ್ನಿಸುವವಳಿಗೆ ತಾನು ಕೂತು ಉಣ್ಣಲು ಪುರುಸೊತ್ತಿಲ್ಲ. ನಾನು ಕಾಲೇಜಿನಲ್ಲಿ ಹಂಚುವ ಕರಪತ್ರಗಳಲ್ಲಿ ಇದರ ಬಗ್ಗೆಯೇ ಒಳ್ಳೆಯದೊಂದಿದೆ. ಕಳಿಸಿದರೆ ನೀನು ಅದನ್ನು ಕಪಾಟಿನ ತಳಕ್ಕೆ ಹಾಸುತ್ತೀಯ ಅಂತ ಗೊತ್ತಿರುವುದರಿಂದ ಕಳಿಸುತ್ತಿಲ್ಲ.

ನಾನು ಚೆನ್ನಾಗಿದ್ದೇನೆ. ಕಾಲೇಜು, ಅಲ್ಲಿಂದ ಔಷಧಿ ಅಂಗಡಿ, ಅಲ್ಲಿಂದ ಕೋಣೆ. ಮೂಲವಸ್ತುಗಳ ಪಟ್ಟಿಯನ್ನು ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿದ್ದೇನೆ; ಎದ್ದ ಕೂಡಲೇ ಮುಖ ನೋಡುವುದು ಅದರದ್ದೇ. ಸ್ನಾನದ ಮನೆಯ ಪೈಪಿನಲ್ಲಿ ಕೆಳಗಿನ ಮನೆಯವರು ನಗುವುದು ಕೇಳುತ್ತದೆ. ಏನು ಹೇಳಿ ನಕ್ಕರು ಅನ್ನುವುದು ಮಾತ್ರ ಕೇಳುವುದಿಲ್ಲ. ಒಂದೊಂದು ದಿನ ಹಲ್ಲುಜ್ಜುತ್ತಾ ನಾನೂ ಅವರ ಜೊತೆ ನಕ್ಕುಬಿಡುತ್ತೇನೆ. ಹುಚ್ಚು ಹಿಡಿಯಿತು ಅಂದುಕೊಳ್ಳಬೇಡ.

ಫಾರ್ಮಸಿ ಕಾಲೇಜಿನ ವಿಷಯ ನೀನು ಕೇಳಿದ್ದೆ. ಅಂಕಗಳು ಸಾಕಷ್ಟಿವೆ, ಪ್ರವೇಶ ಪರೀಕ್ಷೆಯೂ ಮುಗಿಯಿತು. ಉಳಿದಿರುವುದು ಶಿಫಾರಸು ಪತ್ರ ಒಂದೇ. ಈ ವಾರದೊಳಗೆ ಅದು ಹೋಗದಿದ್ದರೆ ಈ ವರ್ಷ ನನ್ನ ಅರ್ಜಿಯನ್ನು ತೆರೆದೂ ನೋಡುವುದಿಲ್ಲ. ಸೀಟು ಸಿಕ್ಕರೆ ವಿದ್ಯಾರ್ಥಿವೇತನ ಬರುತ್ತದೆ, ನೀನು ಆ ಮನೆ ಬಿಟ್ಟು ಬರುತ್ತೀಯ. ಸಿಗದಿದ್ದರೆ ಇನ್ನೊಂದು ವರ್ಷ ನೀನು ಅಲ್ಲಿ, ನಾನು ಇಲ್ಲಿ. ಇದನ್ನು ನಾನು ಮರೆತಿಲ್ಲ. ಮರೆತಿಲ್ಲ ಅಂತ ಮೊದಲೇ ಹೇಳಿ ಮುಂದಿನದನ್ನು ಬರೆಯುತ್ತಿದ್ದೇನೆ.

ಪತ್ರ ಬರೆದುಕೊಡಬೇಕಾದವರು ನಾನು ಕೆಲಸ ಕಲಿಯುವ ಅಂಗಡಿಯ ಫಾರ್ಮಸಿಸ್ಟ್. ನಾನು ಅವರಿಗೆ ತಕ್ಕಡಿ ಮೇಡಂ ಅಂತ ಹೆಸರಿಟ್ಟಿದ್ದೇನೆ, ಮಾತನ್ನೂ ತೂಕ ಹಾಕಿಯೇ ಕೊಡುತ್ತಾರೆ. ಹೋದ ತಿಂಗಳು ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ತಮ್ಮ ಬಿಪಿ ಮಾತ್ರೆಗೆ ಬಂದಿದ್ದರು. ಒಂಟಿ ಮನುಷ್ಯ, ಸವೆದ ಚಪ್ಪಲಿ. ದೊಡ್ಡ ಕಂಪನಿಯ ಹೆಸರಿನ ದುಬಾರಿ ಮಾತ್ರೆಯನ್ನೇ ವರ್ಷಗಟ್ಟಲೆ ನುಂಗಿದ್ದಾರೆ. ಅದೇ ಔಷಧಿ, ಅದೇ ಪ್ರಮಾಣ, ಬೇರೆ ಹೆಸರಿನಲ್ಲಿ ಕಾಲು ಬೆಲೆಗೆ ಪಕ್ಕದ ಕಪಾಟಿನಲ್ಲೇ ಇದೆ. ನನಗೆ ಸುಮ್ಮನಿರಲು ಆಗುತ್ತದೆಯೇ? ಕಂಪನಿಗಳು ಹೆಸರಿಗೆ ಹೇಗೆ ಬೆಲೆ ಕಟ್ಟುತ್ತವೆ, ಜಾಹೀರಾತಿನ ಖರ್ಚು ಯಾರ ತಲೆಗೆ ಬರುತ್ತದೆ, ರೋಗ ಹೇಗೆ ವ್ಯಾಪಾರವಾಯಿತು, ಎಲ್ಲ ಬಿಡಿಸಿ ಹೇಳಿದೆ. ಮೇಷ್ಟ್ರು ತಲೆಯಾಡಿಸುತ್ತಾ ಕೇಳಿ, ಅಗ್ಗದ ಡಬ್ಬಿಯನ್ನೇ ಕೊಡಿ ಅಂದರು. ಮೇಡಂ ಚೀಟಿ ನೋಡಿ ಒಪ್ಪಿದರು. ಎಲ್ಲ ವಿವರ ಹೇಳಿದೆಯಾ ಅಂತ ನನ್ನನ್ನು ಕೇಳಿದರು. ಹೇಳಿದೆ ಅಂದೆ.

ಮೇಷ್ಟ್ರ ಮನೆಯಲ್ಲಿ ಹಳೆಯ ಮಾತ್ರೆ ಇನ್ನೂ ಉಳಿದಿತ್ತು. ಹೆಸರು ಬೇರೆ, ಬಣ್ಣ ಬೇರೆ. ಅವರು ಹಳೆಯದನ್ನು ಬೆಳಿಗ್ಗೆ, ಹೊಸದನ್ನು ಸಂಜೆ ನುಂಗಿದರು. ಒಂದೇ ಔಷಧಿ ದಿನಕ್ಕೆ ಎರಡು ಸಲ ಹೊಟ್ಟೆ ಸೇರಿ, ಬಿಪಿ ಪಾತಾಳಕ್ಕಿಳಿದು, ಬಚ್ಚಲಲ್ಲಿ ಬಿದ್ದರು. ಹುಬ್ಬು ಒಡೆಯಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಮನೆಗೆ ಬಂದಿದ್ದಾರೆ.

ಮೇಡಂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು. "ಮೇಷ್ಟ್ರ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ ಬಾ. ಆಮೇಲೆ ಪತ್ರದ ಮಾತು," ಅಂದರು ಅಷ್ಟೆ. ನಾನು ಹೋಗುವುದಿಲ್ಲ ಅಮ್ಮಾ. ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಈಗ ಕ್ಷಮೆ ಕೇಳಿದರೆ ಅಗ್ಗದ ಮಾತ್ರೆಯೇ ಕೆಟ್ಟದ್ದು ಅಂತ ಒಪ್ಪಿದ ಹಾಗೆ. ಬೀದಿಯವರೆಲ್ಲ ಆಗಲೇ ಹಾಗೆ ಆಡಿಕೊಳ್ಳುತ್ತಿದ್ದಾರೆ. ಇಬ್ಬರು ಮೂವರು ಮತ್ತೆ ದುಬಾರಿ ಡಬ್ಬಿಗೇ ಹೋದರು. ಕಂಪನಿಯವರು ಲಕ್ಷ ಸುರಿದರೂ ಇಷ್ಟು ಚೆನ್ನಾದ ಜಾಹೀರಾತು ಸಿಗುತ್ತಿರಲಿಲ್ಲ. ನಮ್ಮ ರಸಾಯನಶಾಸ್ತ್ರದ ಉಪನ್ಯಾಸಕರು, ಪಾಪ ಒಳ್ಳೆಯವರು, ಈ ಗೋಜೇ ಬೇಡ, ನಾನೇ ಒಂದು ಶಿಫಾರಸು ಬರೆದುಕೊಡುತ್ತೇನೆ, ಅಂಗಡಿಯ ಸುದ್ದಿ ಅದರಲ್ಲಿ ಇರುವುದಿಲ್ಲ ಅಂದಿದ್ದಾರೆ. ನಾಳೆ ಹೋಗಿ ಅದನ್ನೇ ತರುತ್ತೇನೆ. ಹಾಗಾಗಿ ನೀನು ಚಿಂತೆ ಮಾಡಬೇಡ, ನಿನ್ನ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆದು ಧೂಳು ಒರೆಸಿಡು.

ಅಜ್ಜಿಗೆ ನನ್ನ ನಮಸ್ಕಾರ. ಅವರ ಮಗನಿಗೆ ಏನೂ ಇಲ್ಲ. ಬಿಸಿಬಿಸಿ ಊಟ ಮಾಡು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು, ನನ್ನನ್ನು ನೆನೆದು ಅಳಬೇಡ. ನಾನೂ ಅಳುವುದಿಲ್ಲ.

ನಿನ್ನ
ಬಾಯಿಬಡುಕಿ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಇದನ್ನೆಲ್ಲ ಒಮ್ಮೆ ಓದಿದೆ. ಮೇಷ್ಟ್ರಿಗೆ ನಾನು ಹೇಳಿದ್ದೆಲ್ಲ ಮೇಲೆ ಇದೆಯಲ್ಲ, ಅದರಲ್ಲಿ ಕಂಪನಿ ಇದೆ, ಲಾಭ ಇದೆ, ಮೇಷ್ಟ್ರು ಇಲ್ಲ. ಮನೆಯಲ್ಲಿ ಹಳೆಯದು ಉಳಿದಿದೆಯೇ ಅನ್ನುವ ಒಂದು ಮಾತು ಇಲ್ಲ. ಮರುದಿನ ಉಪನ್ಯಾಸಕರ ಹತ್ತಿರ ಹೋಗದೆ ಮೇಷ್ಟ್ರ ಮನೆಗೆ ಹೋದೆ. ಹುಬ್ಬಿನ ಮೇಲೆ ಪಟ್ಟಿ ಹಾಕಿಕೊಂಡು ಕೂತಿದ್ದರು. "ಬಾರಮ್ಮ ಕ್ರಾಂತಿ," ಅಂದರು. ಅಗ್ಗದ ಮಾತ್ರೆಗಾಗಿ ಅಲ್ಲ, ನಿಮ್ಮನ್ನು ಏನೂ ಕೇಳದೆ ಕಳಿಸಿದ್ದಕ್ಕೆ ತಪ್ಪಾಯಿತು ಅಂದೆ. ಅವರು, "ಹಳೆಯದನ್ನು ಏನು ಮಾಡಲಿ ಅಂತ ಅವತ್ತೇ ಕೇಳಬೇಕು ಅಂದುಕೊಂಡೆ. ನಡುವೆ ಬಾಯಿ ಹಾಕಿದರೆ ನೀನು ಮಾತು ನಿಲ್ಲಿಸಿಬಿಡುತ್ತೀಯಲ್ಲ ಅಂತ ಬಿಟ್ಟೆ. ನನ್ನ ಹತ್ತಿರ ಅಷ್ಟು ಹೊತ್ತು ಯಾರು ಮಾತಾಡುತ್ತಾರೆ," ಅಂದರು. ಅಮ್ಮಾ, ಯಾವ ಕರಪತ್ರದಲ್ಲೂ ಅದಕ್ಕೆ ಉತ್ತರವಿಲ್ಲ.

ಮೇಡಂ ಪತ್ರ ಬರೆದುಕೊಟ್ಟರು, ಲಕೋಟೆ ಅಂಟಿಸದೆ, ಓದಿಕೋ ಅಂತ. ನನ್ನ ಕೆಲಸವನ್ನು ಹೊಗಳಿದ್ದಾರೆ. ನಡೆದದ್ದನ್ನೂ ಬರೆದಿದ್ದಾರೆ: ಈ ಹುಡುಗಿ ಪೂರ್ತಿ ವಿವರ ಹೇಳದೆ ರೋಗಿಯೊಬ್ಬರು ಆಸ್ಪತ್ರೆ ಸೇರಿದರು, ಆಮೇಲೆ ತಾನೇ ಹೋಗಿ ಒಪ್ಪಿಕೊಂಡಳು ಅಂತ. ಇದನ್ನು ಓದಿ ಕಾಲೇಜಿನವರು ಬೇಡ ಅನ್ನಬಹುದು, ಮೇಡಂ ಅದನ್ನೂ ಹೇಳಿದರು. ಉಪನ್ಯಾಸಕರ ಪತ್ರವೂ ಸಿದ್ಧವಾಗಿತ್ತು. ನಾನು ಮೇಡಂ ಬರೆದದ್ದನ್ನೇ ಕಳಿಸಿದೆ. ಬೇಡ ಅಂದರೆ ಇನ್ನೊಂದು ವರ್ಷ ಆ ಅಜ್ಜಿಯನ್ನು ಎತ್ತುವವಳು ನೀನು, ನಾನಲ್ಲ. ನಿನ್ನ ಒಂದು ವರ್ಷವನ್ನು ನಿನ್ನನ್ನು ಕೇಳದೆ ಅಂಚೆ ಡಬ್ಬಿಗೆ ಹಾಕಿದ್ದೇನೆ. ಬೈದು ಬರೆ ಅಮ್ಮಾ. ಬೈದಾದರೂ ಉದ್ದವಾಗಿ ಬರೆ.